ಶಾಲೆಗೆ ಹೋದ ಕಬ್ಬಿನ ಹೊರೆ

ಬೆಳಗಿನ ಏಳರಿಂದ ಎಂಟರವರೆಗೆ ನಮ್ಮ ಮನೆಯಲ್ಲಿ ಯಾರೂ ಯಾರೊಂದಿಗೂ ಮೆತ್ತಗೆ ಮಾತಾಡುವುದಿಲ್ಲ. ನಮ್ಮ ಮನೆಯವರು ಎಮ್ಮೆ ಹಿಂಡಿ ಹಾಲನ್ನು ಡೇರಿಗೆ ಮುಟ್ಟಿಸಬೇಕು. ಅತ್ತೆ ಗಡಿಯಾಚೆಯ ಮಿರಜ್ ಕಡೆಯವರು; ರೊಟ್ಟಿ ಬಡಿಯುತ್ತಲೇ ಬೆಕ್ಕಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ ಬೈಯುತ್ತಾರೆ. ನಾನು ಮಗಳ ಜಡೆ ಹೆಣೆಯುತ್ತ ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡಿರುತ್ತೇನೆ, ಆದ್ದರಿಂದ ಉತ್ತರ ಕೊಡಲಾಗುವುದಿಲ್ಲ. ಅತ್ತೆಗೆ ಅದೇ ಬೇಕು.

ಹೋದ ವರ್ಷದವರೆಗೆ ಇಷ್ಟು ಗಡಿಬಿಡಿ ಇರಲಿಲ್ಲ. ಶಿರಗುಪ್ಪಿಯ ನಮ್ಮ ಮನೆಗೆ ಸರಕಾರಿ ಶಾಲೆಯ ಗಂಟೆ ಕೇಳುತ್ತದೆ. ಗಂಟೆ ಹೊಡೆದ ಮೇಲೆ ಎದ್ದು, ರೊಟ್ಟಿಗೆ ಶೇಂಗಾ ಚಟ್ನಿ ಸುರುವಿ, ಸುತ್ತಿಕೊಂಡು ತಿನ್ನುತ್ತ ಓಡಿದರೂ ಮಗಳು ಪ್ರಾರ್ಥನೆಗೆ ಸಿಗುತ್ತಿದ್ದಳು. ಐದನೇ ತರಗತಿ ಮುಗಿದದ್ದೇ ಅವಳನ್ನು ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದವಳು ನಾನು. ಮನೆಯಲ್ಲಿ ಬೇರೆ ಯಾರಿಗೂ ಅದು ಬೇಕಿರಲಿಲ್ಲ.

ನಾನು ತೆಲಸಂಗದವಳು. ಅಪ್ಪ, ಅವ್ವ ಇಬ್ಬರದೂ ಹೆಬ್ಬೆಟ್ಟು. ಅಥಣಿಯ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದು ಬಿ.ಎ. ಮುಗಿಸಿದೆ. ಎರಡೂ ಮನೆತನಗಳಲ್ಲಿ ಮೊದಲ ಪದವಿ ನನ್ನದೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಲಗ್ನಪತ್ರಿಕೆಯಲ್ಲಿ ಅಪ್ಪ ಆ ಎರಡಕ್ಷರವನ್ನು ವರನ ಹೆಸರಿಗಿಂತ ದಪ್ಪಗೆ ಅಚ್ಚು ಹಾಕಿಸಿದ್ದರು. ಆದರೆ ಪದವಿ ಬಂದರೂ ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಒಂದು ಸಂದರ್ಶನದಲ್ಲಿ ಪ್ರಶ್ನೆ ತಿಳಿದಿತ್ತು, ಉತ್ತರವೂ ಗೊತ್ತಿತ್ತು, ನಾಲಿಗೆ ಮಾತ್ರ ಏಳಲಿಲ್ಲ. ಮಗಳಿಗೆ ಹಾಗಾಗಬಾರದು ಎಂಬುದಷ್ಟೇ ನನ್ನ ಹಟ.

ಆದದ್ದು ಉಲ್ಟಾ. ಮನೆಯಲ್ಲಿ ಎರಡು ಭಾಷೆಗಳಲ್ಲಿ ಜಗಳ ಕಾಯುವ ಹುಡುಗಿ ಹೊಸ ಶಾಲೆಯಲ್ಲಿ ಬಾಯಿಗೆ ಬೀಗ ಹಾಕಿದಳು. ದೀಪಾವಳಿ ರಜೆ ಮುಗಿಯುತ್ತಿದ್ದಂತೆ ಶಾಲೆಯ ಚೀಲವನ್ನು ಅಡುಗೆಮನೆಯ ನಡುವೆ ಇಟ್ಟು ಕೂತಳು.

"ಅವ್ವ, ನಾ ನಮ್ಮೂರ ಸಾಲಿಗೇ ಹೋಗ್ತೀನಿ. ಅಲ್ಲೆ ಎಲ್ಲಾರೂ ನನ್ನ ಕೂಡ ಮಾತಾಡ್ತಾರ."

"ಇಲ್ಲೂ ಮಾತಾಡ್ತಾರ, ನೀ ಬಾಯಿ ತಗದ್ರ."

"ತಗದ್ರ ನಗತಾರ."

ಚೀಲವನ್ನು ಎತ್ತಿ ಗೋಡೆಗೆ ಆನಿಸಿದೆ. "ಸಂಕ್ರಾಂತಿ ತನಕ ಹೋಗು. ಆಮ್ಯಾಲೂ ಬ್ಯಾಡ ಅಂದ್ರ ನಾನ ಹೋಗಿ ಟಿ.ಸಿ. ತರ್ತೀನಿ," ಎಂದೆ.

"ಆಯಿ ಮ್ಯಾಲ ಆಣಿ ಮಾಡು."

"ನನ್ನ ಮ್ಯಾಲ ಯಾಕ?" ಅತ್ತೆ ಒಲೆಯ ಕಡೆಯಿಂದ ಕೂಗಿದರು. "ಆಕೀ ಡಿಗ್ರಿ ಮ್ಯಾಲ ಮಾಡ್ಸು!"

ಡಿಗ್ರಿಯ ಮೇಲೆಯೇ ಆಣೆ ಮಾಡಿದೆ. ಈ ಹುಡುಗಿ ಮಾತು ಮರೆಯುವವಳಲ್ಲ.

ಅಷ್ಟರಲ್ಲಿ ಕಬ್ಬಿನ ಹಂಗಾಮು ಶುರುವಾಗಿತ್ತು. ಆ ದಿನಗಳಲ್ಲಿ ನಮ್ಮ ರಸ್ತೆ ನಮ್ಮದಲ್ಲ, ಟ್ರ್ಯಾಕ್ಟರುಗಳದು. ಒಂದೊಂದಕ್ಕೆ ಎರಡೆರಡು ಟ್ರೇಲರ್, ಮೇಲೆ ಆಕಾಶಕ್ಕೆ ಒಟ್ಟಿದ ಕಬ್ಬು. ಹಿಂದೆ ಆಮೆಯಂತೆ ಶಾಲೆಯ ಬಸ್ಸು. ಹೋಗುವ ಟ್ರೇಲರಿನಿಂದ ಒಂದು ಕಬ್ಬು ಹಿರಿದುಕೊಳ್ಳುವುದನ್ನು ನಮ್ಮಲ್ಲಿ ಕಳವು ಎನ್ನುವುದಿಲ್ಲ. ಡ್ರೈವರ್ ಕನ್ನಡಿಯಲ್ಲಿ ಕಂಡರೂ ಬಾಯಲ್ಲಿ ಬೈಯುತ್ತಾನೆ, ಗಾಡಿ ನಿಲ್ಲಿಸುವುದಿಲ್ಲ. ಆದರೆ ಒಬ್ಬರಿಗೆ ಒಂದೇ ಕಬ್ಬು, ಅದು ರೂಢಿ.

ಒಂದು ಸಂಜೆ ಬಸ್ಸಿನ ಮುಂದಿನ ಟ್ರೇಲರಿನ ಗಾಲಿ ಪಂಕ್ಚರ್ ಆಗಿ ರಸ್ತೆ ಕಟ್ಟಿತು. ಬಸ್ಸಿನ ಡ್ರೈವರ್ ಜಾಕ್ ಹಿಡಿಯಲು ಇಳಿದ. ಹಿಂದೆಯೇ ನನ್ನ ಮಗಳೂ ಇಳಿದಳು. ಬಸ್ಸಿನಲ್ಲಿದ್ದ ಎಲ್ಲ ಮಕ್ಕಳಿಗೂ ಆಗುವಷ್ಟು ಕಬ್ಬು ಹಿರಿದು ಹಂಚಿಬಿಟ್ಟಳು. ಗಾಲಿ ಬದಲಾಗುವ ಹೊತ್ತಿಗೆ ಬಸ್ಸಿನ ತುಂಬ ಸಿಪ್ಪೆ. ಒಬ್ಬ ಹುಡುಗನ ತುಟಿ ಹರಿದಿತ್ತು. ಮರುದಿನ ಶಾಲೆಯಿಂದ ಫೋನು: ತಂದೆ, ತಾಯಿ ಇಬ್ಬರೂ ಬರಬೇಕು.

ಊಟಕ್ಕೆ ಕೂತಾಗ ನಮ್ಮ ಮನೆಯವರು ಮಗಳನ್ನು ವಿಚಾರಿಸಿದರು.

"ಯಾರ ಕಬ್ಬ ಹಿರದಿ?"

"ಯಾರದೋ, ಪಪ್ಪಾ. ಟ್ಯಾಕ್ಟರ್ ನಿಂತಿತ್ತು."

"ಅಷ್ಟೂ ಮಂದಿಗೆ?"

"ಹ್ಞೂಂ."

"ಅಗ ಬಾಯಿ!" ಎಂದರು ಅತ್ತೆ. "ನಮ್ಮ ಹೊಲದಾಗ ಕಬ್ಬ ನಿಂತೈತಿ. ಇಕಿ ಮಂದೀ ಕಬ್ಬ ಹಂಚ್ಯಾಳ ಅಂದ್ರ ಮಿರಜ್ ತನಕ ನಗ್ತಾರ."

ಅವರಿಬ್ಬರಿಗೂ ಚುಚ್ಚಿದ್ದು ಅದು. ನನ್ನ ಚಿಂತೆ ಬೇರೆ. ಸಂಕ್ರಾಂತಿಗಿಂತ ಮೊದಲೇ ಶಾಲೆಯವರೇ ಟಿ.ಸಿ. ಕೈಗೆ ಕೊಟ್ಟರೆ?

ಮರುದಿನ ಇಸ್ತ್ರಿ ಮಾಡಿದ ಸೀರೆಯುಟ್ಟು, ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೊರಟೆ. "ನೀ ಮುಂದ ನಡಿ, ನಾ ಹಿಂದ ಬರ್ತೀನಿ," ಎಂದರು ಮನೆಯವರು. ಮುಖ್ಯೋಪಾಧ್ಯಾಯಿನಿ ಮೈಸೂರು ಕಡೆಯವರು, ಮೆಲುದನಿಯ ಹೆಂಗಸು. ನನ್ನ ಮೊದಲ ವಾಕ್ಯ ಪೂರ್ತಿ ಬಂತು. ಎರಡನೆಯದು ಅರ್ಧಕ್ಕೆ ನಿಂತಿತು. ಅದೇ ಹೊತ್ತಿಗೆ ಗೇಟಿನಲ್ಲಿ ಟ್ರ್ಯಾಕ್ಟರ್ ಸದ್ದು, ಆಮೇಲೆ ಬಾಗಿಲಲ್ಲಿ ಹೆಗಲ ಮೇಲೆ ದೊಡ್ಡ ಕಬ್ಬಿನ ಹೊರೆ ಹೊತ್ತ ನನ್ನ ಗಂಡ. ಮೆತ್ತನೆಯ ಕಬ್ಬನ್ನೇ ಆರಿಸಿ ಸೋಗೆ ಬಿಡಿಸಿ ತಂದಿದ್ದರು.

"ಮೇಡಮ್ಮಾರ, ತಪ್ಪ ಆಗೇತ್ರಿ. ಹುಡುಗಿ ಮಂದೀ ಕಬ್ಬ ತಿನಿಸ್ಯಾಳ. ಇದು ನಮ್ಮ ಹೊಲದ್ದರಿ, ಎಲ್ಲಾ ಹುಡುಗೂರಿಗೂ ಕೊಡ್ರಿ."

"ಸರ್, ನಾವು ಕರೆಸಿದ್ದೇ ಕಬ್ಬು ತರಬೇಡಿ ಅಂತ ಹೇಳೋಕೆ!"

"ಹೌದ್ರಿ, ಮಂದೀದ ತರಬಾರ್ದು. ಅದಕ್ಕ ನಮ್ಮದ ತಂದೀನಿ."

ನಾನು ನೆಲ ನೋಡುತ್ತ ನಿಂತೆ. ಅಷ್ಟರಲ್ಲಿ ಬಿಡುವಿನ ಗಂಟೆ ಹೊಡೆದು, ಕಬ್ಬು ಕಂಡ ಮಕ್ಕಳೆಲ್ಲ ಬಾಗಿಲಿಗೆ ಮುತ್ತಿದರು. ಮೇಡಂ ಒಮ್ಮೆ ಮಕ್ಕಳನ್ನು, ಒಮ್ಮೆ ಹೊರೆಯನ್ನು ನೋಡಿ ಉಸಿರುಬಿಟ್ಟರು. "ಆಗಲಿ. ಮೈದಾನದಲ್ಲಿ ತಿನ್ನಲಿ, ಸಿಪ್ಪೆ ಬುಟ್ಟಿಗೆ." ನನ್ನ ಮಗಳನ್ನು ಕರೆಸಿದರು. "ಹೇಗೆ ತಿನ್ನೋದು ಅಂತ ನೀನೇ ಹೇಳಿಕೊಡು. ಇನ್ಯಾರ ತುಟಿಯೂ ಹರಿಯಬಾರದು. ಇಂಗ್ಲಿಷ್‌ನಲ್ಲಿ."

ಮಗಳು ಮೆಟ್ಟಿಲ ಮೇಲೆ ಒಂದು ತುಂಡು ಹಿಡಿದು ನಿಂತಳು. ಒಮ್ಮೆ ನನ್ನ ಕಡೆ ನೋಡಿ, ತುಂಡನ್ನು ಅಡ್ಡ ತಿರುಗಿಸಿದಳು.

"ಫಸ್ಟ್ ಬೈಟ್ ಸೈಡ್," ಎಂದಳು. "ದೆನ್ ಪುಲ್. ನೋ ಬೈಟ್ ಗಣಿಕೆ. ಗಣಿಕೆ ವೆರಿ ಹಾರ್ಡ್," ಎಂದು ಕಬ್ಬಿನ ಗಂಟನ್ನು ಬೆರಳಿನಿಂದ ತಟ್ಟಿದಳು.

ಹಿಂದಿನಿಂದ ಒಬ್ಬ ಕಿಸಕ್ಕೆಂದ. ನಾನು ಕಣ್ಣು ಮುಚ್ಚಿದೆ.

"ಲೇ, ನಗಬ್ಯಾಡ! ಮದಲ ನಿನ್ನ ಹಲ್ಲ ಮುರೀತಾವ ನೋಡು!" ಮಗಳದೇ ದನಿ.

ಮೈದಾನವೇ ನಕ್ಕಿತು. ಕಣ್ಣು ಬಿಟ್ಟರೆ ಅವಳೂ ನಗುತ್ತಿದ್ದಾಳೆ. ಕಿಸಕ್ಕೆಂದ ಹುಡುಗ ಅವಳ ಕೈಯಿಂದಲೇ ತುಂಡು ಕಸಿದುಕೊಂಡು, ಹೇಳಿದಂತೆಯೇ ಪಕ್ಕದಿಂದ ಕಚ್ಚಿದ. ಆಮೇಲೆ ಅವಳು ಸಾಲಿನುದ್ದಕ್ಕೂ ಹೋಗಿ, ಮುರುಕು ಇಂಗ್ಲಿಷ್‌ನಲ್ಲೂ ಹದವಾದ ಕನ್ನಡದಲ್ಲೂ ಒಬ್ಬೊಬ್ಬರನ್ನೇ ಗದರಿದಳು. ಟಿ.ಸಿ.ಯ ಮಾತನ್ನು ಮೇಡಂ ಎತ್ತಲಿಲ್ಲ. ಬಸ್ಸಿನ ಸೀಟುಗಳಡಿ ಇನ್ನೂ ಉಳಿದಿದ್ದ ಸಿಪ್ಪೆಯನ್ನು ಮಾತ್ರ ಗುಡಿಸಿ ಹೋಗಬೇಕೆಂದರು. ಗಂಡ-ಹೆಂಡತಿ ಇಬ್ಬರೂ ಗುಡಿಸಿದೆವು.

ಸಂಕ್ರಾಂತಿ ಬಂತು. ಎಳ್ಳು-ಬೆಲ್ಲ ಕೊಡುತ್ತ ಕೇಳಿದೆ, ಆಣೆ ಮಾಡಿದವಳು ಕೇಳದೆ ಇರಲಾದೀತೆ? "ಏನವಾ, ಟಿ.ಸಿ. ತರ್ಲಿ?"

"ಈಗ ಸೂಟಿ ಐತಲ್ಲ. ಸೋಮವಾರ ನೋಡೂಣು."

ಸೋಮವಾರ ಜಡೆ ಹೆಣೆಯುತ್ತ ಮತ್ತೆ ಕೇಳಿದೆ.

"ಇವತ್ತ ಬ್ಯಾಡ. ಕಿಟಕಿ ಸೀಟಿನ ಪಾಳಿ ಇವತ್ತ ನಂದೈತಿ. ಬಿಟ್ರ ಅವತ್ತ ನಕ್ಕನಲ್ಲ, ಆ ಕೋತಿ ಕೂಡ್ತಾನ." ಬಸ್ಸಿನ ಹಾರ್ನ್ ಕೇಳಿದ್ದೇ ಒಂದೇ ಜಡೆಯಲ್ಲಿ ಓಡಿದಳು. ಇನ್ನೊಂದರ ರಿಬ್ಬನ್ ನನ್ನ ಬಾಯಲ್ಲೇ ಉಳಿಯಿತು.

ಆಮೇಲೆ ನಾನು ಕೇಳಿಲ್ಲ. ಕೇಳಿದರೆ "ತಾ" ಅಂದುಬಿಟ್ಟಾಳು ಎಂಬ ಅಂಜಿಕೆ ಇನ್ನೂ ಇದೆ. ಅವಳೂ ಆ ಮಾತು ತೆಗೆದಿಲ್ಲ.