ಹೆತ್ತವಳನ್ನು ಮಾತ್ರ ತಾಯಿ ಎನ್ನುವ ವಿಮೆ

ದ್ವೀಪದೇಶವೊಂದರ ಸಿಂಗಾಟೋಕ ಊರಿನ ಕಡಲಂಚಿನ ಹೋಟೆಲಿನಲ್ಲಿ ಅತಿಥಿಗಳಿನ್ನೂ ಮಲಗಿದ್ದಾರೆ. ಹಿಂಬದಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಉನೈಸಿ ಒದ್ದೆ ಚಾದರಗಳನ್ನು ಯಂತ್ರದಿಂದ ಹೊರಗೆಳೆಯುತ್ತಿದ್ದಾಳೆ. ಎರಡು ತುದಿ ಅವಳ ಕೈಲಿ, ಇನ್ನೆರಡು ಗೆಳತಿ ಶಿವಮತಿಯ ಕೈಲಿ. ಉನೈಸಿ ಕೊಡವುವ ರಭಸಕ್ಕೆ ಶಿವಮತಿ ಮುಗ್ಗರಿಸುತ್ತಾಳೆ.

"ಮೆಲ್ಲಗೆ ಕಣೇ, ಇದು ಚಾದರ. ಆ ವಿಮೆ ಆಫೀಸಿನೋನ ಜುಟ್ಟಲ್ಲ."

"ಅವನಿಗೆಲ್ಲಿದೆ ಜುಟ್ಟು? ಬೋಳ," ಎನ್ನುತ್ತಾಳೆ ಉನೈಸಿ, ಮತ್ತೆ ಕೊಡವುತ್ತಾ.

ದಿನಕ್ಕೆ ಆರುನೂರು ಚಾದರ ಈ ಇಬ್ಬರ ಕೈ ದಾಟುತ್ತವೆ. ಸೋಪಿನ ಖಾರಕ್ಕೆ ಉನೈಸಿಯ ಬೆರಳ ತುದಿ ಸುಲಿದಿದೆ. ಅದರ ಬಗ್ಗೆ ಅವಳಿಗೆ ದೂರಿಲ್ಲ. ಅವಳ ಸಿಟ್ಟೆಲ್ಲ ಬೇರೆ ಕಡೆಗಿದೆ, ಆ ಸಿಟ್ಟು ನ್ಯಾಯವಾದದ್ದೇ.

ಉನೈಸಿಯನ್ನು ಹೆತ್ತವಳು ಕರಲೈನಿ. ಸಾಕಿದವಳು ಕರಲೈನಿಯ ತಂಗಿ ವಸೇವಾ. ತಂಗಿಗೆ ಮಕ್ಕಳಾಗಲಿಲ್ಲ, ಅಕ್ಕ ತನ್ನ ನಾಲ್ಕನೆಯ ಕೂಸನ್ನು ಅವಳ ಮಡಿಲಿಗೆ ಹಾಕಿದಳು. ಇಲ್ಲಿ ಇದು ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ವಸೇವಾ ಸಂತೆಯಲ್ಲಿ ಮರಗೆಣಸು ಮಾರಿ ಮಗಳನ್ನು ಓದಿಸಿದಳು. ಈಗ ಆಕೆಯ ಎದೆಯಲ್ಲಿ ಕ್ಯಾನ್ಸರ್.

ಎದೆಯಲ್ಲಿ ಗಂಟಿದೆ ಎಂದು ಗೊತ್ತಾದ ದಿನ ಉನೈಸಿ ಅತ್ತಳು, ಆದರೆ ಕಂಗೆಡಲಿಲ್ಲ. ಹೋಟೆಲಿನ ಕೆಲಸಗಾರರಿಗೂ ಅವರ ಗಂಡ ಹೆಂಡಿರಿಗೂ ವಿಮೆ ಇದೆ. ಸಂಬಳದಿಂದ ಇನ್ನಷ್ಟು ಕೊಟ್ಟರೆ ತಾಯಿತಂದೆಯರನ್ನೂ ಸೇರಿಸಿಕೊಳ್ಳುತ್ತದೆ. ಶಿವಮತಿಯ ಗಂಡನಿಗೆ ಕರುಳಿನ ಕ್ಯಾನ್ಸರ್ ಆದಾಗ ಆಪರೇಷನ್, ಕಿಮೋ, ಹೊರದೇಶದ ವಿಕಿರಣ ಚಿಕಿತ್ಸೆ ಎಲ್ಲದಕ್ಕೂ ವಿಮೆಯೇ ಕೊಟ್ಟಿತ್ತು. "ಅದಿಲ್ದಿದ್ರೆ ಮನೆನೂ ಹೋಗ್ತಿತ್ತು, ಮನುಷ್ಯನೂ ಹೋಗ್ತಿದ್ದ. ಈಗ ನೋಡಿ, ಸಾರಿಗೆ ಉಪ್ಪು ಕಮ್ಮಿ ಅಂತ ಜಗಳ ತೆಗೀತಾನೆ," ಎನ್ನುತ್ತಾಳೆ ಶಿವಮತಿ.

ಉನೈಸಿಯೂ ಒಂಬತ್ತು ವರ್ಷ ತಪ್ಪದೆ ಕಂತು ಕಟ್ಟಿದ್ದಳು. ಅಮ್ಮನ ಹೆಸರು ಕೇಳಿದಾಗ ವಸೇವಾ ಎಂದು ಬರೆಸಿದ್ದಳು. ಬೇರೆ ಹೆಸರು ಅವಳ ತಲೆಗೆ ಹೊಳೆದೇ ಇರಲಿಲ್ಲ.

ಚಿಕಿತ್ಸೆಯ ಹಣ ಕೇಳಿದಾಗ ವಿಮೆ ಕಂಪನಿಗೆ ಉನೈಸಿಯ ಜನನ ಪತ್ರ ಬೇಕಾಯಿತು. ಅದರಲ್ಲಿ ಕರಲೈನಿ! ಸುಳ್ಳು ಮಾಹಿತಿ ಎಂದು ಹಣ ತಡೆಹಿಡಿದರು. ದುಡ್ಡು ಕಿತ್ತುಕೊಳ್ಳುವಾಗ ಒಂಬತ್ತು ವರ್ಷ ಯಾವ ಪತ್ರವೂ ಬೇಕಾಗಿರಲಿಲ್ಲ ಈ ಮಹಾನುಭಾವರಿಗೆ. ಆ ಬೋಳುತಲೆಯ ಅಧಿಕಾರಿ ತೋಮಾಸಿ ಇದೇ ನೆಲದವನು. ಅವನಿಗೂ ದೊಡ್ಡಮ್ಮ ಚಿಕ್ಕಮ್ಮ ಎಲ್ಲರೂ ಅಮ್ಮಂದಿರೇ. ಕುರ್ಚಿಯಲ್ಲಿ ಕೂತ ಕೂಡಲೇ ಅವನಿಗದು ಮರೆತುಹೋಯಿತು.

ಅಕ್ಕ ಕರಲೈನಿಯೇ ಅವನ ಮುಂದೆ ಹೋಗಿ ನಿಂತಳು. "ನಾನು ಹೆತ್ತೆ, ಅಷ್ಟೆ ಕಣಪ್ಪ. ಒಂದು ದಿನದ ಕೆಲಸ. ಮಿಕ್ಕಿದ್ದೆಲ್ಲ ಅವಳೇ ಮಾಡಿದ್ದು."

ಅವನು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಕಾರ್ಮಿಕ ಸಂಘ ಬಾಗಿಲು ಬಡಿದ ಮೇಲೆ ಕಂಪನಿ ಔದಾರ್ಯ ತೋರಿತು: ದಯೆಯಿಂದ ಈ ಸಲ ಹಣ ಕೊಡುತ್ತೇವೆ, ಆದರೆ 'ವಸೇವಾ ನನ್ನ ತಾಯಿಯಲ್ಲ, ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ' ಎಂಬ ಕಾಗದಕ್ಕೆ ಉನೈಸಿ ಸಹಿ ಹಾಕಬೇಕು.

ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಗಂಟು ಕಾಯುತ್ತ ಕೂತಿರಲಿಲ್ಲ.

"ಆ ಕಾಗದ ಹರಿದು ಅವನ ಮುಖಕ್ಕೆ ಎಸೀತೀನಿ ಅಂದೆ," ಎನ್ನುತ್ತಾಳೆ ಉನೈಸಿ. "ಅಮ್ಮ ಬೈದ್ಳು. 'ಹಾಕೇ ಸಹಿ, ಪೆದ್ದಿ. ನನಗೆ ಬದುಕೋ ಆಸೆ ಇದೆ' ಅಂದ್ಳು. ಹಾಕ್ದೆ."

ವಿಮೆ ಹಣ ಬಂದಿದೆ. ರಾಜಧಾನಿ ಸುವಾದ ಆಸ್ಪತ್ರೆಯಲ್ಲಿ ವಸೇವಾಗೆ ಮೂರನೆಯ ಕಿಮೋ ಮುಗಿದಿದೆ. ಕೂದಲು ಉದುರಿದೆ. ಆದರೆ ಗಂಟು ಕುಗ್ಗುತ್ತಿದೆ ಎಂದಿದ್ದಾರೆ ವೈದ್ಯರು. ಪ್ರತಿ ಸಲವೂ ರಜೆ ಹಾಕಿ ಬಸ್ಸಿನಲ್ಲಿ ಜೊತೆಗೆ ಹೋಗುವವಳು ಉನೈಸಿ. ತಾಯಿಯಲ್ಲವೆಂದು ಬರೆದುಕೊಟ್ಟವಳು.

ಇನ್ನೇನು ಆಸೆ ಎಂದು ಕೇಳಿದರೆ ಅವಳು ಚಾದರ ಮಡಿಸುವುದನ್ನು ನಿಲ್ಲಿಸುತ್ತಾಳೆ. ಇಲ್ಲಿ ಕ್ಷಮೆ ಕೇಳುವುದು ಕಾಗದದಲ್ಲಲ್ಲ. ತಪ್ಪು ಮಾಡಿದವನು, ಇಲ್ಲಿಯವರು ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು ಹಿಡಿದು ಬರಬೇಕು, ನೊಂದವರ ಚಾಪೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂರಬೇಕು. ಅವರು ಕಟ್ಟು ಮುಟ್ಟಿದರೆ ಕ್ಷಮಿಸಿದಂತೆ, ಅಲ್ಲಿಯವರೆಗೆ ಏಳುವಂತಿಲ್ಲ.

"ಆ ತೋಮಾಸಿ ನಮ್ಮನೆಗೆ ಬರ್ಬೇಕು," ಎನ್ನುತ್ತಾಳೆ ಉನೈಸಿ. "ಕಟ್ಟನ್ನ ಅಮ್ಮನ ಮುಂದೆ ಇಡಬಾರ್ದು. ಅವಳದು ಮೆತ್ತನೆ ಮನಸ್ಸು, ತಕ್ಷಣ ಮುಟ್ಟಿಬಿಡ್ತಾಳೆ. ನನ್ನ ಮುಂದೆ ಇಡ್ಲಿ."