ಮೊದಲ ಕೂಗಿಗೆ ಒಪ್ಪದವನು

ತರಕಾರಿ ಸಗಟು ಮಾರುಕಟ್ಟೆಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಮೈಕಣ್ಣ ಎಂದರೆ ಸಾಕು, ಗೇಟಿನ ಕಾವಲುಗಾರನಿಂದ ಹಿಡಿದು ಲಾರಿ ಡ್ರೈವರುಗಳ ತನಕ ಎಲ್ಲರೂ ಅವನಿದ್ದ ಕಡೆ ಕೈ ತೋರಿಸುತ್ತಿದ್ದರು. ಕೈ ತೋರಿಸುವ ಅಗತ್ಯವಾದರೂ ಏನಿತ್ತು? ದನಿ ಬಂದ ಕಡೆ ನಡೆದರೆ ಅವನೇ ಸಿಗುತ್ತಿದ್ದ. ಇಪ್ಪತ್ತೆಂಟು ವರ್ಷ ಒಂದೇ ಮಂಡಿಯಲ್ಲಿ, ಆಲೂಗಡ್ಡೆ ಈರುಳ್ಳಿ ಮೂಟೆಗಳ ಮೇಲೆ ಹತ್ತಿ ನಿಂತು ಹರಾಜು ಕೂಗಿದ ಕಂಚಿನ ಕಂಠ ಅದು. ಮಂಡಿ ಸಾಹುಕಾರ ಒಮ್ಮೆ ಉಮೇದಿಗೆ ಬಿದ್ದು ನಿಜವಾದ ಮೈಕನ್ನೇ ತಂದುಕೊಟ್ಟಿದ್ದ. "ಇದನ್ನ ಮನೇಲಿ ಇಟ್ಕೊಳ್ಳಿ ಸಾಹುಕಾರ್ರೇ, ನಿಮ್ಮ ಯಜಮಾನ್ತಿ ಜೊತೆ ಮಾತಾಡುವಾಗ ಬೇಕಾಗುತ್ತೆ" ಎಂದು ಇವನು ಹಿಂದಿರುಗಿಸಿದ್ದ. ಆ ಮಾತೂ ಮೂರನೆಯ ಮಂಡಿಯವರೆಗೆ ಕೇಳಿಸಿತಂತೆ.

ಆ ಮಾರುಕಟ್ಟೆಯಲ್ಲಿ ಒಂದು ಪದ್ಧತಿ. ಮೊದಲ ಕೂಗು ಎಂದರೆ ಬರೀ ಬಾಯಿ ಮಾತು, ಅದಕ್ಕೆ ಯಾರೂ ಒಪ್ಪುವುದಿಲ್ಲ. ಕೊಳ್ಳುವವನು ಮುಖ ಸಿಂಡರಿಸಬೇಕು, ಬೆನ್ನು ತಿರುಗಿಸಬೇಕು, ಆತುರವಿಲ್ಲದವನ ಹಾಗೆ ನಡೆಯಬೇಕು. ಉದ್ದನೆಯ ಹಜಾರದಲ್ಲಿ ಅವನು ಮೂರನೆಯ ಕಂಬ ದಾಟುವುದರೊಳಗೆ ಹಿಂದಿನಿಂದ "ಬಾರಣ್ಣ, ಬಾ, ನೀನೇ ಹೇಳು" ಎಂದು ಕೂಗು ಬಂದೇ ಬರುತ್ತದೆ. ಕರೆಯದೆ ತಾನಾಗಿ ವಾಪಸು ಬಂದವನ ಕಥೆ ಮುಗಿಯಿತು. ಹೇಳಿದಷ್ಟು ತೆತ್ತು ಹೋಗಬೇಕು, ಮೇಲಿಂದ ನಗುವನ್ನೂ ತಿನ್ನಬೇಕು. ಮೈಕಣ್ಣ ಮಂಡಿಯಲ್ಲಿ ಕರೆಯುವವನು, ಮಿಕ್ಕ ಕಡೆಯೆಲ್ಲ ನಡೆಯುವವನು. ಅಂಗಿ ಬಟ್ಟೆಗೆ ಹೋದರೂ ಅಷ್ಟೇ, ಬಾಡಿಗೆ ಮನೆಗೆ ಹೋದರೂ ಅಷ್ಟೇ. ತನ್ನ ಮದುವೆ ಮಾತುಕತೆಯಲ್ಲೂ ಎದ್ದು ಬಾಗಿಲ ತನಕ ನಡೆದಿದ್ದನಂತೆ. "ಅವತ್ತು ನಮ್ಮಪ್ಪ ಕರೀದೇ ಇದ್ದಿದ್ರೆ ನಾನು ಬಚಾವಾಗ್ತಿದ್ದೆ" ಎಂದು ಹೆಂಡತಿ ನೆಂಟರ ಮುಂದೆಲ್ಲ ಹೇಳುತ್ತಿದ್ದಳು. ಇವನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದ.

ಐವತ್ತೆರಡನೆಯ ವರ್ಷದಲ್ಲಿ ದನಿ ಒಡೆಯಿತು. ಮೊದಲು ಶೀತ ಎಂದುಕೊಂಡ. ತಪ್ಪನ್ನು ಮೂವತ್ತು ವರ್ಷ ಸೇದಿದ ಸಿಗರೇಟಿನ ಮೇಲೆ ಹಾಕಿದ, ಆಮೇಲೆ ಮೂಟೆಯ ಧೂಳಿನ ಮೇಲೆ ಹಾಕಿದ. ಆರು ವಾರವಾದರೂ ದನಿ ಮರಳಲಿಲ್ಲ. ಹತ್ತು ಗಂಟೆಯ ಹೊತ್ತಿಗೆಲ್ಲ ಗಂಟಲಿನಿಂದ ಬರೀ ಗಾಳಿ. ಸಾಹುಕಾರ ಬೈದು ಆಸ್ಪತ್ರೆಗೆ ಅಟ್ಟಿದ. ಅಲ್ಲಿ ಮೂಗಿನೊಳಗೆ ತೆಳ್ಳನೆಯ ಕೊಳವೆ ಇಳಿಸಿ ನೋಡಿದರು, ಚೂರು ಮಾಂಸ ಚಿವುಟಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ದಿನ ಅವನು ಒಬ್ಬನೇ ಹೋದ. ಹೆಂಡತಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಶಾಲೆ ಶುರುವಾಗುವ ಕಾಲ, ಮಿಷನ್ ಬಿಟ್ಟು ಏಳುವಂತಿರಲಿಲ್ಲ.

ರೇಡಿಯೇಷನ್ ವಿಭಾಗದ ಡಾಕ್ಟ್ರಮ್ಮ ಸಣ್ಣಗಿನ ಹೆಂಗಸು, ಕಾಲಿಗೆ ಓಟದವರ ಬೂಟು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಆಕೆಗಿರಲಿಲ್ಲ.

"ಧ್ವನಿಪೆಟ್ಟಿಗೇಲಿ ಕ್ಯಾನ್ಸರ್ ಇದೆ. ಇನ್ನೂ ಚಿಕ್ಕದು. ಆಪರೇಷನ್ ಬೇಡ, ಕಿಮೋ ಬೇಡ, ರೇಡಿಯೇಷನ್ ಒಂದೇ ಸಾಕು. ಏಳು ವಾರ, ವಾರಕ್ಕೆ ಐದು ದಿನ, ದಿನಕ್ಕೆ ಹತ್ತು ನಿಮಿಷ."

ಅವನು ಮುಖದಲ್ಲಿ ಏನೂ ತೋರಿಸಲಿಲ್ಲ; ಮಾಲಿನ ಮುಂದೆ ಮುಖ ಬಿಗಿಹಿಡಿಯುವುದೇ ಅವನ ಕಸುಬು. "ನನ್ನ ದನಿ?" ಎಂದ.

"ಸ್ವಲ್ಪ ಒರಟಾಗ್ಬಹುದು. ಹೋಗಲ್ಲ."

"ವಾಸಿ ಆಗುತ್ತಾ?"

"ನೂರರಲ್ಲಿ ಎಂಬತ್ತು ಜನಕ್ಕೆ ಆಗುತ್ತೆ."

"ಎಂಬತ್ತೇನಾ?" ಅವನ ತುಟಿ ತಾನಾಗಿಯೇ ಸೊಟ್ಟಗಾಯಿತು. "ತೊಂಬತ್ತೈದು ಮಾಡಿ ಡಾಕ್ಟ್ರಮ್ಮ. ಏಳು ವಾರ ಜಾಸ್ತಿ ಆಯ್ತು, ನಮ್ಮದು ಸೀಸನ್ನು. ನಾಲ್ಕು ವಾರಕ್ಕೆ ಮುಗಿಸ್ಕೊಡಿ."

ಆಕೆ ತಮಾಷೆ ಎಂದುಕೊಂಡು ನಕ್ಕಳು. "ಇಲ್ಲಿ ಚೌಕಾಸಿ ಇಲ್ಲ. ಸೋಮವಾರ ಒಂಬತ್ತಕ್ಕೆ ಬನ್ನಿ, ಮುಖದ ಅಚ್ಚು ತಗೋಬೇಕು. ತಡ ಮಾಡ್ಬೇಡಿ."

ಚೌಕಾಸಿ ಇಲ್ಲ! ಅಯ್ಯೋ, ಮಾರುಕಟ್ಟೆಯಲ್ಲಿ ಬೆಲೆ ಇಳಿಸುವವರೆಲ್ಲ ಮೊದಲು ಈ ಮಾತು ಹೇಳಿಯೇ ಇಳಿಸುವುದು. ಮೈಕಣ್ಣ ಎದ್ದು ನಿಂತು, "ನೋಡೋಣ ಬಿಡಿ" ಎಂದು ಹೊರಗೆ ಬಂದ. ಆಸ್ಪತ್ರೆಯ ಓಣಿ ಉದ್ದಕ್ಕಿತ್ತು, ಎರಡೂ ಬದಿ ಬೆಂಚುಗಳ ಮೇಲೆ ಜನ. ಅವನು ಮೆಲ್ಲಗೆ ನಡೆದ. ಕಿವಿಯೆಲ್ಲ ಬೆನ್ನಿಗೆ ಬಂದಿತ್ತು. ಲಿಫ್ಟಿನ ಹತ್ತಿರ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಒಳಗಿನಿಂದ ಒಂದು ದನಿ ಬಂತು. ಮುಂದಿನ ರೋಗಿಯ ಹೆಸರು.

ಅವನು ದಡ್ಡನೇ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ದಡ್ಡನಾಗಿದ್ದರೆ ಬದುಕಿಕೊಳ್ಳುತ್ತಿದ್ದ. ಹೆದರಿ, ಸೋಮವಾರ ಎಂಟೂವರೆಗೇ ಹೋಗಿ ಬೆಂಚಿನ ಮೇಲೆ ಕೂತಿರುತ್ತಿದ್ದ. ಇವನು ಜಾಣ. ಅವರ ಹತ್ತಿರ ತನ್ನ ಫೋನ್ ನಂಬರಿದೆ, ಒಂದು ವಾರ ತಡೆದರೆ ತಾವಾಗಿ ಕರೆಯುತ್ತಾರೆ ಎಂದು ಅವನ ಲೆಕ್ಕ. ಅಷ್ಟು ದೊಡ್ಡ ಆಸ್ಪತ್ರೆ, ಅಷ್ಟು ದೊಡ್ಡ ಯಂತ್ರ, ರೋಗಿ ಇಲ್ಲದಿದ್ದರೆ ನಡೆಯುತ್ತದೆಯೇ?

ಮನೆಯಲ್ಲಿ ಹೆಂಡತಿ ಮಿಷನ್ನಿನಿಂದ ತಲೆಯೆತ್ತದೆ ಕೇಳಿದಳು: "ಏನಂದ್ರು?"

"ಗಂಟು ಅಂತೆ. ಗಾಬರಿ ಏನಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರು."

ಮೂರು ಎಂಬುದು ಯಾಕೆ ಬಾಯಿಗೆ ಬಂತೋ ಅವನಿಗೇ ಗೊತ್ತಿಲ್ಲ. ಕ್ಯಾನ್ಸರ್ ಎಂಬ ಮಾತನ್ನು ಆ ಮನೆಯೊಳಗೆ ತರಲು ಧೈರ್ಯ ಸಾಲಲಿಲ್ಲ, ಅಷ್ಟೇ ನಿಜ.

ಸೋಮವಾರ ಬಂತು, ಹೋಯಿತು. ಫೋನು ಅಂಗಿಯ ಜೇಬಿನಲ್ಲಿ, ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ, ಸ್ನಾನಕ್ಕೆ ಹೋದರೆ ಬಚ್ಚಲಿನ ಕಿಟಕಿಯ ಮೇಲೆ. ಎರಡನೆಯ ವಾರ ಒಂದು ಗೊತ್ತಿಲ್ಲದ ನಂಬರು ಬಂದಾಗ ಮೂಟೆಯ ಮೇಲಿನಿಂದ ಹಾರಿ ಇಳಿದ. ಯಾರೋ ಸಾಲ ಬೇಕೇ ಎಂದು ಕೇಳಿದರು. ಐದನೆಯ ವಾರದಲ್ಲಿ ತಾನೇ ಹೋಗೋಣವೇ ಎಂದುಕೊಂಡು ಬಸ್ಸಿನ ತನಕ ಹೋಗಿ ತಿರುಗಿ ಬಂದ. ಈಗ ಹೋದರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕು, "ಬಂದ್ರಾ?" ಎಂದು ನಗುವುದನ್ನು ನೋಡಬೇಕು. ಮಂಡಿಯಲ್ಲಿ ಕೂಗುವ ಕೆಲಸ ಬೇರೆಯವನ ಕೈಗೆ ಹೋಯಿತು. ಸಾಹುಕಾರ ಇವನನ್ನು ತಕ್ಕಡಿಯ ಪಕ್ಕ ಕೂರಿಸಿದ. ಮನೆಯಲ್ಲೂ ಮಾತು ಕಡಿಮೆಯಾಗಿತ್ತು. ಹೆಂಡತಿ ತಟ್ಟೆಯನ್ನು ತುಸು ಜೋರಾಗಿಯೇ ಇಡುತ್ತಿದ್ದಳು. ಕೆಲಸದ ಸುಸ್ತು ಎಂದುಕೊಂಡ.

ಹನ್ನೆರಡನೆಯ ವಾರ, ಒಂದು ಮಧ್ಯಾಹ್ನ, ಮೆಟ್ಟಿಲು ಹತ್ತುವಾಗ ಉಸಿರು ಸಿಳ್ಳೆ ಹಾಕತೊಡಗಿತು. ಆಮೇಲೆ ಸಿಳ್ಳೆಯೂ ನಿಂತು ಅವನು ಗೋಡೆ ಹಿಡಿದು ಕುಸಿದ. ಆಸ್ಪತ್ರೆಯಲ್ಲಿ ಮೊದಲು ಕುತ್ತಿಗೆಗೆ ತೂತು ಮಾಡಿ ಉಸಿರಾಡಿಸಿ, ಆಮೇಲೆ ಮಾತಾಡಿದರು. ಈ ಸಲ ಹೇಳಿದ್ದು ಆಪರೇಷನ್ ಮಾಡುವ ಡಾಕ್ಟರು, ನರೆತ ಕೂದಲಿನ ಗಂಡಸು.

"ತುಂಬಾ ಬೆಳೆದಿದೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು, ಕುತ್ತಿಗೆ ಗಂಟುಗಳನ್ನೂ ತೆಗೀಬೇಕು. ಆಮೇಲೆ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕಿಮೋ. ಎಲ್ಲ ಸೇರಿಸಿದ್ರೆ ನೂರರಲ್ಲಿ ನಲವತ್ತು. ಇಷ್ಟು ತಡ ಯಾಕೆ ಮಾಡಿದ್ರಿ?"

"ನಿಮ್ಮವರೇ ಅಲ್ವಾ ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದು!" ಹೆಂಡತಿ ಸಿಡಿದೆದ್ದಳು.

ಡಾಕ್ಟರು ಹುಬ್ಬೇರಿಸಿ ಫೈಲಿನ ಕಡೆ ನೋಡಿದರು. ಅಷ್ಟರಲ್ಲಿ ಯಾರೋ ಅವರನ್ನು ಕರೆದರು. ಮೈಕಣ್ಣ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ್ದ. ಸಹಿ ಹಾಕುವ ಕಾಗದ ಬಂದಾಗ ಮುಖ ಸಿಂಡರಿಸಲಿಲ್ಲ, ಬೆನ್ನು ತಿರುಗಿಸಲಿಲ್ಲ. ತೋರಿಸಿದ ಕಡೆಯಲ್ಲೆಲ್ಲ ಬರೆದುಕೊಟ್ಟ.

ಎಂಟು ಗಂಟೆಯ ಆಪರೇಷನ್. ಎಚ್ಚರವಾದಾಗ ಕುತ್ತಿಗೆಯ ಬುಡದ ತೂತು ಕಾಯಂ ಆಗಿತ್ತು, ಇನ್ನು ಸಾಯುವ ತನಕ ಅದೇ ಮೂಗು. ನೀರು ಕೇಳಲು ಬಾಯಿ ತೆರೆದ. ತುಟಿ ಅಲ್ಲಾಡಿತು, ಅಷ್ಟೇ. ಐದು ವಾರವಾದ ಮೇಲೆ ಮುಖಕ್ಕೆ ಬಲೆಯಂಥ ಅಚ್ಚು ಹಾಕಿ ಹಲಗೆಗೆ ಬಿಗಿದು ರೇಡಿಯೇಷನ್. ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಗಿ ಸುಲಿಯಿತು. ಬಾಯಿ ಹುಣ್ಣಾಯಿತು, ಎಂಜಲು ಬತ್ತಿತು, ಗಂಜಿಯೂ ಮಣ್ಣಿನ ಹಾಗೆ. ಕಿಮೋ ಹಾಕಿದ ದಿನ ವಾಂತಿ, ಮಾರನೆಯ ದಿನವೂ ವಾಂತಿ, ಕಿವಿಯಲ್ಲಿ ಸದಾ ಗುಂಯ್. ಎಪ್ಪತ್ತೆಂಟು ಕಿಲೋ ಇದ್ದವನು ಐವತ್ತೊಂದಕ್ಕೆ ಇಳಿದ. ಕುತ್ತಿಗೆಗೆ ಒತ್ತಿಕೊಂಡು ಮಾತಾಡುವ ಒಂದು ಯಂತ್ರ ಕೊಟ್ಟರು. ಒಂದು ಸಲ ಒತ್ತಿದ. ಹಿಟ್ಟಿನ ಗಿರಣಿಯ ಹಾಗೆ ಗರಗರ ಎಂದ ಆ ದನಿಗೆ ಹೆಂಡತಿ ಬೆಚ್ಚಿದ್ದನ್ನು ಕಂಡು ಡಬ್ಬಿಯೊಳಗೆ ಇಟ್ಟುಬಿಟ್ಟ. ಅಂಗಿ ಜೇಬಿಗೆ ಸಣ್ಣ ಪುಸ್ತಕ, ಪೆನ್ನು ಬಂದವು.

ಹೆಂಡತಿ ಮಾತ್ರ ಜಪ್ಪಯ್ಯ ಅಂದರೂ ಸೋಲಲಿಲ್ಲ. ತೂತಿನ ಸುತ್ತ ಒರೆಸುವುದು, ಕೊಳವೆ ತೊಳೆಯುವುದು, ಊಟವನ್ನು ಅರೆದು ಕುಡಿಸುವುದು, ನಡುವೆ ಸಮವಸ್ತ್ರ ಹೊಲಿಯುವುದು. ಒರೆಸುವಾಗಲೆಲ್ಲ ಒಂದೇ ಮಂತ್ರ: "ಆ ಡಾಕ್ಟ್ರಮ್ಮನ ಕೈ ಸೇದಿಹೋಗ. ಮೂರು ತಿಂಗಳು ತಳ್ಳಿದ್ಲಲ್ಲ, ನನ್ನ ಕಣ್ಣಿಗೆ ಬೀಳ್ಲಿ ಒಂದು ಸಲ." ಆ ಡಾಕ್ಟ್ರಮ್ಮ ಆಗ ಹೆರಿಗೆ ರಜೆಯಲ್ಲಿದ್ದಳು. ಮೈಕಣ್ಣ ದಿನಕ್ಕೆ ಮೂರು ಬಾರಿ ಆ ಶಾಪವನ್ನು ಕೇಳಿಸಿಕೊಂಡು ತುಟಿ ಪಿಟಕ್ಕೆನ್ನದೆ ಕೂರುತ್ತಿದ್ದ. ಪಿಟಕ್ಕೆನ್ನಲು ದನಿಯಿಲ್ಲ, ನಿಜ. ಪೆನ್ನು ಇತ್ತಲ್ಲ? ನಾಚಿಕೆ ಅವನನ್ನು ರೋಗಕ್ಕಿಂತ ಹೆಚ್ಚಾಗಿ ತಿನ್ನುತ್ತಿತ್ತು, ಆದರೂ ಪೆನ್ನು ಜೇಬಿನಿಂದ ಹೊರಗೆ ಬರಲಿಲ್ಲ.

ಹನ್ನೊಂದು ತಿಂಗಳು ಕಳೆದ ಮೇಲೆ ಕೆಮ್ಮು ಬಂತು. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶದ ತುಂಬ ಚುಕ್ಕಿಗಳು. ಈ ಬಾರಿ ನೂರರಲ್ಲಿ ಇಷ್ಟು ಎಂದು ಯಾರೂ ಹೇಳಲಿಲ್ಲ. ಅವನು ಪುಸ್ತಕದಲ್ಲಿ "ಎಷ್ಟು?" ಎಂದು ಬರೆದು ತೋರಿಸಿದಾಗ ನರೆತ ಡಾಕ್ಟರು, "ವಾಸಿ ಮಾಡೋಕೆ ಆಗಲ್ಲ. ಕಿಮೋ ಕೊಟ್ರೆ ಕೆಲವು ತಿಂಗಳು ತಡೀಬಹುದು" ಎಂದರು.

ಆ ಹೊಸ ಕಿಮೋ ಶುರುವಾದ ದಿನ ಓಣಿಯಲ್ಲಿ ಎದುರಿಗೆ ಬಂದದ್ದು ಓಟದವರ ಬೂಟು ಹಾಕಿದ ಅದೇ ಡಾಕ್ಟ್ರಮ್ಮ. ಹಳೆಯ ಚೀಟಿಯ ಮೇಲೆ ಕಂಡಿದ್ದ ಹೆಸರನ್ನು ಆಕೆಯ ಎದೆಯ ಮೇಲೆ ಓದಿದ್ದೇ ತಡ, ಹೆಂಡತಿ ಹರಿಹಾಯ್ದಳು.

"ನೀವೇ ಅಲ್ವೇನ್ರೀ? ಮೂರು ತಿಂಗಳು ಬಿಟ್ಟು ಬನ್ನಿ ಅಂದವ್ರು ನೀವೇ ಅಲ್ವಾ? ನೋಡಿ, ಕಣ್ಣು ಬಿಟ್ಟು ನೋಡಿ, ಏನಾಗಿದ್ದಾರೆ ಅಂತ! ನಿಮ್ಮ ಅಪ್ಪ ಆಗಿದ್ರೆ ಹೀಗೆ ಕಳಿಸ್ತಿದ್ರಾ?"

ಬೆಂಚಿನ ಜನರೆಲ್ಲ ಕತ್ತೆತ್ತಿದರು. ಡಾಕ್ಟ್ರಮ್ಮ ಅವನ ಮುಖವನ್ನು, ಕುತ್ತಿಗೆಯ ತೂತನ್ನು ನೋಡಿದಳು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು.

"ನಾನು ಸೋಮವಾರ ಬನ್ನಿ ಅಂದಿದ್ದೆ" ಎಂದಳು ತಗ್ಗಿದ ದನಿಯಲ್ಲಿ. "ಫೈಲಲ್ಲಿ ಬರೆದಿದ್ದೀನಿ. ಬರ್ಲಿಲ್ಲ. ಒಂದು ಫೋನ್ ಮಾಡ್ಬೇಕಿತ್ತು, ಮಾಡ್ಲಿಲ್ಲ. ಅದು ನನ್ನ ತಪ್ಪು."

"ಸುಳ್ಳು! ಸುಳ್ಳು ಹೇಳ್ತಿದ್ದಾರೆ ನೋಡ್ರೀ!" ಎಂದು ಹೆಂಡತಿ ಅವನ ಕಡೆ ತಿರುಗಿದಳು. ಅವಳ ಪರವಾಗಿ ತಲೆಯಾಡಿಸಿದ್ದರೆ ಸಾಕಿತ್ತು, ಆ ಡಾಕ್ಟ್ರಮ್ಮ ತಲೆತಗ್ಗಿಸಿ ಹೋಗಿಬಿಡುತ್ತಿದ್ದಳು. ಅವನು ಜೇಬಿಗೆ ಕೈಹಾಕಿದ. ಗೋಡೆಗೆ ಪುಸ್ತಕ ಒತ್ತಿ ಬರೆದ: "ಸೋಮವಾರ ಬಾ ಅಂದಿದ್ರು. ನಾನೇ ಹೋಗಲಿಲ್ಲ. ಕಡಿಮೆ ಮಾಡ್ತಾರೆ, ಫೋನ್ ಮಾಡಿ ಕರೀತಾರೆ ಅಂತ ಕಾದೆ."

ಹೆಂಡತಿ ಓದಿದಳು. ಇನ್ನೊಮ್ಮೆ ಓದಿದಳು. ಡಾಕ್ಟ್ರಮ್ಮನಿಗೆ ಕೈ ಮುಗಿದಳು.

ಕಿಮೋ ಕೋಣೆಯಲ್ಲಿ ಅವನನ್ನು ಒರಗು ಕುರ್ಚಿಯಲ್ಲಿ ಕೂರಿಸಿ ಬಲಗೈಗೆ ಸೂಜಿ ಚುಚ್ಚಿ, ಅಲ್ಲಾಡದಂತೆ ಪಟ್ಟಿ ಸುತ್ತಿದರು. ಬರೆಯುವ ಕೈಯೂ ಹೋಯಿತು. ಹೆಂಡತಿ ಸ್ಟೂಲಿನ ಮೇಲೆ ಗೋಡೆ ನೋಡುತ್ತ ಕೂತಳು. ಮೊದಲ ಬಾಟಲಿ ಮುಗಿಯಿತು. ಬೈದರೆ ಬೈಸಿಕೊಳ್ಳೋಣ ಎಂದು ಅವನು ಕಾದ. ಬೈಗುಳ ಬರಲಿಲ್ಲ.

"ಆವಾಗ ನಿಮಗೆ ಯಾವಾಗ ನೋಡಿದ್ರೂ ಫೋನು" ಎಂದಳು ಕೊನೆಗೆ, ಗೋಡೆಗೇ ಹೇಳುವ ಹಾಗೆ. "ಊಟಕ್ಕೂ ಫೋನು, ಸ್ನಾನಕ್ಕೂ ಫೋನು. ಯಾರೋ ಇದ್ದಾಳೆ ಅಂದ್ಕೊಂಡೆ ಕಣ್ರೀ. ಈ ವಯಸ್ಸಲ್ಲಿ ಇವರಿಗೊಬ್ಬಳು ಬೇಕಾಯ್ತಾ ಅಂತ ಉರ್ಕೊಂಡು ಕೂತಿದ್ದೆ. ನಿಮ್ಮ ದನಿ ದಿನಾ ದಿನಾ ಹೋಗ್ತಾ ಇರೋದು ಕೇಳಿಸ್ತಿತ್ತು. ಏನಾಯ್ತು ಅಂತ ಕೇಳೋಕೆ ಬಾಯಿಗೆ ಬರ್ತಿತ್ತು. ಹಟಕ್ಕೆ ಕೇಳ್ಲಿಲ್ಲ."

ಅವನಿಗೆ ನಗು ಬಂತು. ಯಾರೋ ಒಬ್ಬಳಂತೆ, ತನಗಂತೆ! ಕುತ್ತಿಗೆಯ ತೂತಿನಿಂದ ಗಾಳಿ ಬುಸ್ಸೆಂದು, ಜೊತೆಗೆ ಕಫವೂ ಬಂತು. ಅವಳು ಎದ್ದು ಬಂದು ಬಟ್ಟೆಯಿಂದ ಒರೆಸಿದಳು.

"ಒಂದು ಮಾತು ಹೇಳಿ. ನಾನು ಆವಾಗ ಕೇಳಿದ್ರೆ, ನಿಜ ಹೇಳ್ತಿದ್ರಾ?"

ಒಂದು ಸಲ ಕೇಳಿದ್ದರೆ ಸಾಕಿತ್ತು. ಎರಡನೆಯ ವಾರದಲ್ಲೋ ಮೂರನೆಯ ವಾರದಲ್ಲೋ ಯಾವುದಾದರೊಂದು ಬೆಳಿಗ್ಗೆ "ಏನಾಯ್ತ್ರೀ?" ಎಂದು ಕೇಳಿದ್ದರೆ, ಅವಳ ಮುಂದೆ ಕುಸಿದು ಕೂತು ಎಲ್ಲವನ್ನೂ ಹೇಳಿಬಿಡುತ್ತಿದ್ದ. ಅವಳು ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೆಂಡತಿಯ ಮುಖವನ್ನೇ ನೋಡುತ್ತ, ಇಲ್ಲ ಎಂದು ತಲೆಯಾಡಿಸಿದ.