ಮುಗದದ ಎತ್ತು ಮತ್ತು ಹೊನ್ನಾವರದ ಹಲಗೆಗಳು

ದೇವರ ಮುಂದೆ, ಮತ್ತು ದೇವರಿಗಿಂತ ಹೆಚ್ಚು ಕಮೆಂಟ್ ಹಾಕುವ ನಿಮ್ಮೆಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದೇನೆ... ಹೋದ ಭಾನುವಾರ ನಾನು ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬಳ ಕೈಯಿಂದ ಹಾಡಹಗಲೇ ಊರುಗೋಲು ಕಸಿದುಕೊಂಡೆ.

ಆಕೆ ನನ್ನ ಹೆಂಡತಿ ಸುಮಾಳ ಕಾಕು, ಎಂದರೆ ಚಿಕ್ಕಪ್ಪನ ಹೆಂಡತಿ. ಹುಟ್ಟಿದ್ದು ಮುಗದ ಹಳ್ಳಿಯ ಒಕ್ಕಲು ಮನೆಯಲ್ಲಿ, ಈಗ ಇರುವುದು ಪೇಟೆಯ ಮಾಳಮಡ್ಡಿಯಲ್ಲಿ.

ಮೊಣಕಾಲಿನ ಆಪರೇಷನ್ ಆದಮೇಲೆ ಇದು ಆಕೆಯ ಮೊದಲ ಪ್ರವಾಸ. ಆಸೆ ಒಂದೇ... ಹೊಳೆ ಹೋಗಿ ಸಮುದ್ರಕ್ಕೆ ಕೂಡುವುದನ್ನು ಕಣ್ತುಂಬ ನೋಡಬೇಕು.

ಅದಕ್ಕೆ ಹೊನ್ನಾವರದ ಕಡೆಯ ಕಾಂಡ್ಲಾ ಕಾಡೇ ಸರಿ ಎಂದೆ. ಉಪ್ಪುನೀರಿನಲ್ಲಿ ನಿಂತ ಗಿಡಗಳ ನಡುವೆ ಹಲಗೆಯ ದಾರಿ, ಎರಡೂ ಕಡೆ ಕಟಕಟೆ, ಕೊನೆಗೆ ನಿಂತು ನೋಡಲು ಒಂದು ಅಟ್ಟ. ನೆಟ್ಟಿನಲ್ಲಿ ‘ಈಸಿ ವಾಕ್’ ಎಂದಿತ್ತು. “ಕೂಸು ಸುದ್ದಾ ನಡೀತಾವ, ನಾ ಇದ್ದೇನಲ್ಲ” ಎಂದು ನಮ್ಮ ಮನೆಯಿರುವ ಕೇಶ್ವಾಪುರದಿಂದ ಘಟ್ಟ ಇಳಿಯುವವರೆಗೂ ನನ್ನ ಟ್ರೆಕ್ಕಿಂಗ್ ಕಥೆ ಹೊಡೆದೆ.

ಘಟ್ಟದ ತಿರುವುಗಳಿಗೋ ನನ್ನ ಕಥೆಯ ತಿರುವುಗಳಿಗೋ, ಸುಮಾಳಿಗೆ ಹೊಟ್ಟೆ ತೊಳಸಿತು. ಆಕೆ ಕಾರಿನಲ್ಲೇ ಉಳಿದಳು.

“ಕಾಕೂನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ ಮತ್ತ. ನಿಮ್ಮನ್ನ ನಂಬಿ ಕಳಸಾಕತ್ತೇನಿ.”

“ನಾ ಇದ್ದೇನಲ್ಲ” ಎಂದೆ, ಇನ್ನೊಮ್ಮೆ.

ಹಲಗೆ ದಾರಿಯ ಮೊದಲ ತಿರುವಿನವರೆಗೆ ಇದ್ದೆ ಕೂಡ. ಅಲ್ಲಿ ಕಾಲಕೆಳಗೆ ನೋಡಿದೆ.

ಹಲಗೆ, ಸಂದು. ಹಲಗೆ, ಸಂದು. ಸಂದಿನಲ್ಲಿ ನೀರು... ನೀರಿನಲ್ಲಿ ಏಡಿಯೊಂದು ನನ್ನನ್ನೇ ನೋಡುತ್ತಿದೆ!

ನಾನು ವಾರಕ್ಕೊಮ್ಮೆ ನಳ ಬರುವ ಊರಿನವ. ಅಷ್ಟು ನೀರು ಕಂಡರೆ ಮೊದಲು ಕೊಡ ನೆನಪಾಗಬೇಕಿತ್ತು, ನನಗೆ ಕುಲದೇವರು ನೆನಪಾದ. ಕಾಲುದಾರಿಯಲ್ಲಿ ಕಾಲೇ ಕೈಕೊಟ್ಟವು. ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಕಾಕುವಿನ ಕೋಲು.

ಕಾಕು ಕಟಕಟೆ ಹಿಡಿದು ನಿಂತು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಏನಾತ್ರಿ ಅಳಿಯಂದಿರ?”

“ಕಾಕು... ಇಲ್ಲಿಂದನ ಹೊಳ್ಳೂಣಲ್ಲ? ಮುಂದನೂ ಇವ ಗಿಡಾ ಇರತಾವ.”

ಆಕೆಯ ಮುಖ ಇಳಿಯಿತು. ನಾನು ಹೊರಳಿದರೆ ಆಕೆಯೂ ಹೊರಳಬೇಕು. “ಇಷ್ಟ ದೂರ ಬಂದು ಅಷ್ಟ ನೋಡ್ಲಿಲ್ಲಂದ್ರ... ಇನ್ನೊಮ್ಮೆ ಈ ಕಾಲು ಬರ್ತಾವೋ ಇಲ್ಲೋ” ಎಂದಳು.

ನನಗೆ ಕೆಡುಕೆನಿಸಿತು. ಆದರೆ ಕೆಡುಕೆನಿಸಿದ್ದು ಎದೆಗೆ, ಕಾಲಿಗೆ ಸುದ್ದಿ ಮುಟ್ಟಲಿಲ್ಲ.

ಆಗ ಕಾಕು ಹೆಗಲ ಮೇಲಿನ ಶಾಲು ತೆಗೆದಳು.

“ನಮ್ಮಪ್ಪನ ಹಂತ್ಯಾಕ ಒಂದು ಎತ್ತಿತ್ತು. ಕಣಜದಂಥ ಮೈ, ಆದ್ರ ಹಳ್ಳದ ಮ್ಯಾಲಿನ ಹಲಗಿ ಕಂಡ್ರ ನಿಂತ ಬಿಡತಿತ್ತು. ಹೊಡದ್ರೂ ಇಲ್ಲ, ಬೈದ್ರೂ ಇಲ್ಲ. ಅಪ್ಪ ಅದರ ಕಣ್ಣಿಗೆ ಅರಿವಿ ಕಟ್ಟಿ ದಾಟಸ್ತಿದ್ದ. ಬಗ್ಗರಿ.”

“ಕಾಕು, ನಾ ಎಂಎ ಮಾಡೇನಿ...”

“ಅದನ್ನೇನೂ ಬಿಚ್ಚಿ ಇಡೂದು ಬ್ಯಾಡ. ಬಗ್ಗರಿ.”

ಬಗ್ಗಿದೆ.

ಕೋಲಿನ ಒಂದು ತುದಿ ಆಕೆಯ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಆಕೆಯ ಇನ್ನೊಂದು ಕೈ ಕಟಕಟೆಯ ಮೇಲೆ, ನನ್ನ ಇನ್ನೊಂದು ಕೈ ಎದೆಯ ಮೇಲೆ. ಹೊಸ ಮೊಣಕಾಲು ಮುಂದೆ, ಹಳೇ ಟ್ರೆಕ್ಕರ್ ಹಿಂದೆ.

ಸೋಜಿಗವೆಂದರೆ, ನಡೆದೆ! ಕಾಣದ ನೀರು ಹೆದರಿಸುವುದಿಲ್ಲ.

ಎದುರಿಗೆ ಯಾರೋ ನಮ್ಮ ಕಡೆಯವರೇ ಬಂದರೆಂದು ತೋರುತ್ತದೆ. “ಪಾಪ, ಕಣ್ಣಿನ ಆಪರೇಷನ್ ಆಗೇತೇನ್ರಿ ಅಮ್ಮಾರ?”

“ಕಣ್ಣ ಛಲೋ ಅದಾವ್ರಿ. ಗುಂಡಿಗೀದ ಆಗಬೇಕಾಗೇತಿ.”

ಹಾದಿಯುದ್ದಕ್ಕೂ ಕಾಕು ವರದಿ ಕೊಡುತ್ತಲೇ ಇದ್ದಳು. “ಅಯ್ಯ, ಬೇರು ನೋಡ್ರಿ, ಊಟಕ್ಕ ಕುಂತವರು ಮೊಣಕಾಲು ಎತ್ತಿದಂಗ ಅದಾವ... ನೀಲಿ ಹಕ್ಕಿ, ನೀಲಿ ಹಕ್ಕಿ! ಹೋತು.”

ಆಮೇಲೆ ಕೋಲು ನಿಂತಿತು. ಮುಖಕ್ಕೆ ಗಾಳಿ ಬಡಿಯಿತು. ಅಟ್ಟ ಬಂದಿರಬೇಕು.

ಕಾಕು ಮೆಲ್ಲಗೆ ಎಂದಳು: “ಹೊಳಿ ಯಾವುದು, ಸಮುದ್ರ ಯಾವುದು ಗೊತ್ತ ಆಗವಲ್ದು ನೋಡ್ರಿ. ತವರುಮನಿ ಹೆಸರು ಬಿಟ್ಟು ಕೊಟ್ಟಂಗ, ಸುಮ್ಮನ ಕೂಡೇತಿ.”

ಆಕೆಯ ದನಿ ಒದ್ದೆಯಾಗಿತ್ತು.

ಬಂದಂತೆಯೇ ಹೊರಳಿದೆವು. ಕಾರಿನ ಬಳಿ ಸುಮಾ ಕೇಳಿದಳು, “ಇವರು ಛಲೋ ಕರ್ಕೊಂಡು ಹೋದ್ರೇನ ಕಾಕು?” ಕಾಕು ಶಾಲು ಮಡಚುತ್ತ, “ಹೂಂ, ಅತ್ತಿತ್ತ ಹೊಳ್ಳದಂಗ ಒಂದು ದಾರಿಲೆ ಬಂದ್ರು” ಎಂದಳು. ಅಷ್ಟೇ.

ಹೆಣ್ಣುಮಗಳು ಮಾನ ಕಾಪಾಡಿದಳು. ಕೆಡಿಸಿಕೊಂಡವನು ನಾನು. ಮರುದಿನ ‘ಕಾಂಡ್ಲಾ ಕಾಡು, ನಾ ಕಂಡಂತೆ’ ಎಂದು ನನ್ನ ಫೋಟೋ ಸಮೇತ ಇಲ್ಲೇ ಉದ್ದಕ್ಕೆ ಬರೆದೆನಲ್ಲ... ಮೊಣಕಾಲೆತ್ತಿದ ಬೇರುಗಳು, ನೀಲಿ ಮಿಂಚುಳ್ಳಿ, ತವರಿನ ಹೆಸರು ಬಿಟ್ಟ ಹೊಳೆ... ನೀವು “ಏನು ಕಣ್ಣು ಸರ್ ನಿಮ್ಮದು!” ಎಂದು ಹೊಗಳಿದಿರಿ. ಅದರ ಕೆಳಗೆ ಕಾಕು ಬರೇ ಒಂದು ಎತ್ತಿನ ಇಮೋಜಿ ಹಾಕಿದ್ದು ಯಾಕೆಂದೂ ಕೇಳಿದಿರಿ.

ಅದಕ್ಕೇ ಈ ತಪ್ಪೊಪ್ಪಿಗೆ. ಅಟ್ಟದ ಮೇಲೆ ಎದೆ ಸೆಟೆದು ನಿಂತ ನನ್ನ ಆ ಫೋಟೋ ಇದೆಯಲ್ಲ, ಅದನ್ನು ತೆಗೆದವಳೂ ಕಾಕುವೇ. ಶಾಲು ಬಿಚ್ಚಿದ ಮೇಲೂ ಕೂಲಿಂಗ್ ಗ್ಲಾಸಿನ ಹಿಂದೆ ನನ್ನ ಕಣ್ಣು ಗಟ್ಟಿಯಾಗಿ ಮುಚ್ಚೇ ಇದ್ದವು.